ಡರ್ಬನ್ನಿನಿಂದ ಬಂದ ಹದಿನೇಳು ಕಾಗದಗಳು

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಭೋಜರಾಜನಿಗೆ ಈ ಪೀಕಲಾಟ ಬರುತ್ತಿರಲಿಲ್ಲ. ಗಲ್ಫಿನ ರೂವಿ ಪೇಟೆಯ ಆಫೀಸಿಗೆ ಬಂದಿದ್ದ ಮ್ಯಾನೇಜರರ ಹೆಂಡತಿ ರೋಸಲಿಂಡ್, ದಕ್ಷಿಣ ಆಫ್ರಿಕಾಕ್ಕೆ ಹೋದ ಭಾರತೀಯರ ಹಳೆಯ ಕಾಗದಪತ್ರ ಹುಡುಕುತ್ತಿದ್ದೇನೆ ಎಂದಳು. ಟೈಪಿಸ್ಟ್ ಭೋಜರಾಜ ತಡೆಯಲಾರದೆ, "ನನ್ನ ಅಜ್ಜನದ್ದೇ ಒಂದು ಡಬ್ಬಿ ತುಂಬ ಇದೆ ಮೇಡಂ" ಎಂದುಬಿಟ್ಟ.

ಶುಕ್ರವಾರ ನಾಲ್ಕಕ್ಕೆ ನಿನ್ನ ಮನೆಗೇ ಬರುತ್ತೇನೆ ಎಂದಳು ಆಕೆ. ಮ್ಯಾನೇಜರರೂ ನಕ್ಕರು. ಊರಿನಲ್ಲಿದ್ದ ಹೆಂಡತಿ ಕುಸುಮಳನ್ನು ಕರೆಸಿಕೊಳ್ಳಲು ಭೋಜರಾಜ ಕೊಟ್ಟ ಅರ್ಜಿ ಎಂಟು ತಿಂಗಳಿಂದ ಅವರ ಕಡತಗಳ ಅಡಿಯಲ್ಲಿತ್ತು. ಅಂದು ಅದು ಮೇಲಕ್ಕೆ ಬಂತು.

ಡಬ್ಬಿ ಊರಿನ ಮನೆಯ ಅಟ್ಟದಲ್ಲಿ ಸಿಕ್ಕಿದ್ದು, ರೂವಿಗೆ ಬರುವಾಗ ಜೊತೆಗೆ ತಂದಿದ್ದ. ಲಕೋಟೆಗಳನ್ನು ಭೋಜರಾಜ ಚಿಕ್ಕಂದಿನಲ್ಲೇ ಅಂಚೆಚೀಟಿಯ ಆಸೆಗೆ ಹರಿದು ಹಂಚಿದ್ದ. ಡರ್ಬನ್ ಎಂಬ ಮುದ್ರೆ ಮಾತ್ರ ನೆನಪಿತ್ತು. ತಾನು ಕಾಣದ ಅಜ್ಜನ ಬಗ್ಗೆ ಅಮ್ಮ ಹೇಳಿದ್ದು ಒಂದೇ ಮಾತು: ಬ್ರಿಟಿಷರ ಕಾಲದ ಸರಕಾರಿ ನೌಕರ. ಡರ್ಬನ್ನಿಗೆ ಹೋದದ್ದೂ ಸೇರಿ ಉಳಿದದ್ದನ್ನೆಲ್ಲ ಇವನೇ ಕಟ್ಟಿದ. ರೂವಿಗೆ ಬಂದ ಹತ್ತು ವರ್ಷಗಳಲ್ಲಿ ಸತ್ತ ಅಜ್ಜನಿಗೆ ಮೂರು ಬಡ್ತಿ ಸಿಕ್ಕಿತ್ತು. ಭೋಜರಾಜನಿಗೆ ಒಂದೂ ಇಲ್ಲ.

"ಭೋಜಣ್ಣ, ಇದರಲ್ಲಿ ಎಂಥ ಬರ್ದುಂಟು ಅಂತ ಮೇಡಂ ಕೇಳಿದ್ರೆ?" ಎಂದು ಶುಕ್ರವಾರ ಬೆಳಿಗ್ಗೆ ಕೇಳಿದವನು ಕೆಳಮನೆಯ ಬಟ್ಟೆ ವ್ಯಾಪಾರಿ, ಊರ ಕಡೆಯವನೇ ಆದ ಇದಿನಬ್ಬ.

ಭೋಜರಾಜ ಡಬ್ಬಿಯನ್ನು ಅವನ ಮುಂದೆ ತೆರೆದಿಟ್ಟ. ಕಾಗದಗಳೆಲ್ಲ ಅರಬಿ ಲಿಪಿಯಲ್ಲಿದ್ದವು, ಆ ಹಳೆಯ ಕೈಬರಹ ಇದಿನಬ್ಬನಿಗೂ ಹತ್ತಲಿಲ್ಲ. ನಮಾಜು ಮುಗಿಸಿ ಬಂದ ಆಫೀಸಿನ ಅರಬ್ ಡ್ರೈವರ್ ಅಬ್ದುಲ್ಲಾನನ್ನು ಇದಿನಬ್ಬ ಎಳೆದುತಂದ. ಅಬ್ದುಲ್ಲಾ ನಾಲ್ಕು ಸಾಲು ಓದಿ, ಅನ್ನದಲ್ಲಿ ಕಲ್ಲು ಕಡಿದವನಂತೆ ಮುಖ ಮಾಡಿದ.

"ಅಕ್ಷರ ನಮ್ಮದು, ಮಾತು ನಮ್ಮದಲ್ಲ. ನಿನ್ನ ಅಜ್ಜನಿಗೆ ಬರೆಯುವಾಗ ಜ್ವರ ಇತ್ತಾ?" ಎಂದ ಹಿಂದಿಯಲ್ಲಿ.

ಕೊನೆಗೆ ಇದಿನಬ್ಬನ ತಾಯಿ ನಫೀಸತ್ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಮುದುಕಿ. ಕಾಗದ ನೋಡಿ ನಕ್ಕರು.

"ಇದು ಅರಬಿ ಅಲ್ಲ ಮಗಾ, ಅರಬಿ ಅಕ್ಷರದಲ್ಲಿ ಬರೆದ ನಮ್ಮ ಬ್ಯಾರಿ ಭಾಷೆ."

ಅಜ್ಜನಿಗೆ ಬ್ಯಾರಿಯೂ ಬರುತ್ತಿತ್ತು! ಭೋಜರಾಜ ಮನಸ್ಸಿನಲ್ಲೇ ನಾಲ್ಕನೆಯ ಬಡ್ತಿ ಕೊಟ್ಟ.

ಮುದುಕಿ ಓದತೊಡಗಿದರು: "ಆಯಿಶತ್‌ಗೆ ಸಲಾಂ. ಇಲ್ಲಿ ಹೋಟೆಲಿನ ಅಡುಗೆ ಕೆಲಸಕ್ಕೆ ಸೇರಿದೆ. ಮಗು ನಫೀಸತ್‌ಗೆ ಉಣ್ಣೆಯ ಟೊಪ್ಪಿ ತೆಗೆದಿಟ್ಟಿದ್ದೇನೆ..."

ಮುದುಕಿ ಅದೇ ಸಾಲನ್ನು ಮತ್ತೊಮ್ಮೆ ಓದಿದರು.

"ಇದು ನನ್ನ ಅಪ್ಪ, ನನ್ನ ಉಪ್ಪ ಬರೆದದ್ದು. ಆಯಿಶತ್ ನನ್ನ ತಾಯಿ," ಎಂದರು. "ಹಡಗು ಹತ್ತಿದವರು ಒಂದು ಕಾಗದ ಹಾಕಲಿಲ್ಲ, ನಮ್ಮನ್ನು ಮರೆತೇಬಿಟ್ರು ಅಂತ ಉಮ್ಮ ಸಾಯುವವರೆಗೆ ಹೇಳ್ತಿದ್ರು. ಮಗಾ, ನಿನ್ನ ಅಜ್ಜನ ಹೆಸರೆಂಥದು?"

"ಸಂಕಪ್ಪ. ಸರಕಾರಿ..."

"ಪೋಸ್ಟಿನ ಸಂಕಪ್ಪ! ಹೊಳೆಯ ಈಚೆ ನಮ್ಮ ಮನೆ, ಆಚೆ ಪೋಸ್ಟಾಫೀಸು. ದೋಣಿ ಹತ್ತಲಿಕ್ಕೆ ಹೆದರ್ತಿದ್ದ. ಉಮ್ಮ ದಡದಲ್ಲಿ ನಿಂತು ಕೂಗಿ ಕೇಳಿದ್ರೆ, ಅಲ್ಲಿಂದಲೇ ಕೈ ಆಡಿಸಿ ಇಲ್ಲ ಅಂತಿದ್ದ. ನಾನೂ ಕಂಡಿದ್ದೇನೆ. ನಾಳೆ ದಾಟಿಸುವ, ನಾಳೆ ದಾಟಿಸುವ ಅಂತ ಇವನ್ನೆಲ್ಲ ಡಬ್ಬಿಗೆ ಹಾಕಿಟ್ಟಿರಬೇಕು."

ಭೋಜರಾಜ ಡಬ್ಬಿಯನ್ನು ಮುದುಕಿಯ ಮಡಿಲಿಗೆ ಸರಿಸಿದ.

ನಾಲ್ಕಕ್ಕೆ ಸರಿಯಾಗಿ ರೋಸಲಿಂಡ್ ಬಂದಳು. ಭೋಜರಾಜ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಕೆ ಮುದುಕಿಯ ಪಕ್ಕ ಕೂತು, ಕೈ ಹಿಡಿದುಕೊಂಡು, ಕಾಗದಗಳನ್ನು ಕೇಳದೆಯೇ ಎದ್ದುಹೋದಳು.

ಶನಿವಾರ ಮ್ಯಾನೇಜರರು ಅರ್ಜಿ ಹಿಂದಕ್ಕೆ ಕೊಟ್ಟರು. "ಅಜ್ಜನನ್ನೇ ಕಟ್ಟಿದವನು ಹೆಂಡತಿಯನ್ನೂ ಕಟ್ಟಿರಬಹುದು. ಊರಿಂದ ಹೊಸದಾಗಿ ಮದುವೆ ಸರ್ಟಿಫಿಕೇಟ್ ತರಿಸು."

ಮಧ್ಯಾಹ್ನ ಊಟಕ್ಕೆ ಬಂದವನನ್ನು ನಫೀಸತ್ ಒಳಗೆ ಕರೆದರು. ಹದಿನೇಳನ್ನೂ ಓದಿ ಮುಗಿಸಿದ್ದರು, ಕಣ್ಣು ಕೆಂಪಾಗಿತ್ತು.

"ಉಪ್ಪನಿಗೆ ಉತ್ತರ ಬರೀಬೇಕು. ನನ್ನ ಕೈ ನಡುಗ್ತದೆ, ನೀನು ಕನ್ನಡದಲ್ಲೇ ಬರಿ."

"ಉಮ್ಮಾ, ಅವರು ಈಗ..."

"ಇಲ್ಲ ಅಂತ ನನಗೂ ಗೊತ್ತುಂಟು. ಕಾಗದ ಬಂದ ಮೇಲೆ ಉತ್ತರ ಬರೆಯುವುದು ಮರ್ಯಾದೆ."

ಅವರು ಹೇಳಿದರು, ಇವನು ಬರೆದ. ನಾಲ್ಕು ಪುಟವಾಯಿತು. ಎರಡು ಕಡೆ ಶಾಯಿ ಕದಡಿತು. ಯಾರ ಕಣ್ಣೀರಿಗೆ ಎಂದು ಹೇಳುವುದು ಕಷ್ಟ. ಲಕೋಟೆ ಅಂಟಿಸಿ, ಡರ್ಬನ್ನಿನ ಹೋಟೆಲಿನ ಹೆಸರು ಬರೆದು, ಭೋಜರಾಜ ಹೊರಗಿನ ಬಿಸಿಲನ್ನೊಮ್ಮೆ ನೋಡಿದ.

"ನಾಳೆ ಹಾಕ್ತೇನೆ ಉಮ್ಮಾ."

"ಬೇಡ, ಈಗಲೇ ಹೋಗು," ಎಂದರು ಮುದುಕಿ. "ನಿಮ್ಮ ಮನೆಯವರ ನಾಳೆ ಎಂಥದು ಅಂತ ನಮಗೆ ಗೊತ್ತುಂಟು."

ಭೋಜರಾಜ ಚಪ್ಪಲಿ ಮೆಟ್ಟಿಕೊಂಡ.