ಕುಬೇರಪ್ಪನ ಮಿಲಿಟ್ರಿ ಗಾಡಿ

ಎಲ್ಲ ಶುರುವಾದದ್ದು ಒಂದು ಗಂಟಿನಿಂದ. ಮದುವೆ ಮುಗಿಸಿ ಬರುವಾಗ ಕುಬಿಹಾಳದ ಕುಬೇರಪ್ಪ ಕೈಬೀಸಿಕೊಂಡು ಮುಂದೆ ನಡೆದಿದ್ದ. ಹೆಂಡತಿ ಸುಶೀಲವ್ವ ಬಟ್ಟೆಯ ಗಂಟು ಹೊತ್ತು ಹಿಂದೆ. ಆಕೆಯ ಅಕ್ಕತಂಗಿಯರು ಗಂಡಂದಿರ ಲೂನಾ, ರಾಜದೂತಗಳ ಮೇಲೆ ಕೂತು, ಧೂಳೆಬ್ಬಿಸಿ, ಕೈಬೀಸುತ್ತ ಹೋದರು. ಮರುದಿನವೇ ಸುಶೀಲವ್ವ ದೇವಿಕೊಪ್ಪದ ತವರು ಸೇರಿದಳು.

"ಗಂಟು ಹೊತ್ತು ನಿಮ್ಮ ಹಿಂದ ನಡಿಯಾಕಿ ನಾ ಅಲ್ಲ. ಗಾಡಿ ತಗೊಂಡು ಬರ್ರಿ, ಬರ್ತೇನಿ" ಎಂದು ಹೇಳಿ ಕಳಿಸಿದಳು.

ಗಾಡಿಯೇನೋ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕುಬೇರಪ್ಪನ ತಂದೆ ಬೆಳಗಾವಿಯ ಹರಾಜಿನಲ್ಲಿ ತಂದದ್ದು, ಕೊಟ್ಟಿಗೆಯ ಹೊಟ್ಟಿನಲ್ಲಿ ಅರ್ಧ ಹುಗಿದು ನಿಂತಿತ್ತು. ಊರಿನವರು ಅದನ್ನು ಬುಲೆಟ್ ಎಂದೇ ತಿಳಿದಿದ್ದರು. ಕುಂದಗೋಳದ ಮೇಸ್ತ್ರಿ ನಬೀಸಾಬ ಬಂದು ಪೆಟ್ರೋಲ್ ಟಾಕಿಯ ಬಣ್ಣ ಕೆರೆದ. ಕೆಂಪು ಹೋಯಿತು, ನೀಲಿ ಹೋಯಿತು, ಅದರಡಿಗೆ ಮಂಕು ಹಸಿರೂ ಒಂದು ಬಿಳಿ ನಂಬರೂ ಕಂಡವು.

"ಬುಲೆಟ್ ಅಲ್ಲರಿ ಇದು, ಬಿ.ಎಸ್.ಎ! ಬ್ರಿಟಿಷರ ಮಿಲಿಟ್ರಿ ಗಾಡಿ!"

ಮಿಲಿಟರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಜೂ ಮನೆಯ ನಿವೃತ್ತ ಸಿಪಾಯಿ ಶಂಕ್ರಪ್ಪ ಗೋಡೆ ಹಾರಿ ಬಂದ.

"ಹಂಗಾದ್ರ ಅಗದಿ ಅಸಲ ಇರಬೇಕು. ಟಪಾಲ ಒಯ್ಯಾವ ಜವಾನ ಒಬ್ನ ಹೋಗ್ತಿದ್ದ. ಈ ಹಿಂದಿನ ಸೀಟು ನಿಮ್ಮಪ್ಪ ಹಾಕ್ಸಿದ್ದು. ತಗೀರಿ ಅದನ್ನ!"

ಕುಬೇರಪ್ಪನಿಗೂ ಅಸಲಿನ ಹುಚ್ಚು ಹತ್ತಿತು. ಹಿಂದಿನ ಸೀಟು ಬಿಚ್ಚಿ ಅಲ್ಲಿ ಸಾಮಾನು ಕಟ್ಟುವ ಕಬ್ಬಿಣದ ಚೌಕಟ್ಟು ಕೂರಿಸಿದರು.

ಸುಗ್ಗಿ ಮುಗಿಯುವ ಹೊತ್ತಿಗೆ ಎಂಜಿನ್ ಗುಡುಗಿತು. ಅಷ್ಟರಲ್ಲಿ ಮಾವನ ತಾಳ್ಮೆಯೂ ಮುಗಿದಿತ್ತು: ಈ ಸೋಮವಾರ ಬರದಿದ್ದರೆ ಹಿರಿಯರನ್ನು ಕೂಡಿಸಿ ಸಂಬಂಧ ಹರಿಯುತ್ತೇನೆ ಎಂದಿದ್ದ. ಸೋಮವಾರ ಬೆಳಗಾದರೂ ಗಾಡಿಗೆ ಮುಂದಿನ ಗಾಲಿ, ಚೈನು, ಮುಂದಿನ ಸೀಟು ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಸಿಗುವುದಿದ್ದರೆ ಊರಲ್ಲೇ ಸಿಗಬೇಕು, ಏಕೆಂದರೆ ಹಿಂದೊಮ್ಮೆ ಕುಬೇರಪ್ಪನೇ ಅವನ್ನು ಧಾರಾಳವಾಗಿ ಹಂಚಿಬಿಟ್ಟಿದ್ದ. ಗಾಲಿ ದುರ್ಗವ್ವನ ಬಾವಿಯ ರಾಟೆಯಾಗಿತ್ತು. ಚೈನು ರೇವವ್ವನ ಎಮ್ಮೆಯ ಕೊರಳಲ್ಲಿತ್ತು. ಸೀಟಿನ ಮೇಲೆ ಮಾಳಪ್ಪನ ಕ್ಷೌರದಂಗಡಿಯ ಗಿರಾಕಿಗಳು ಕೂರುತ್ತಿದ್ದರು.

"ಗಾಲಿ ಒಯ್ದ್ರ ನಾವೇನ ಹಲ್ಲಿಲೆ ಹಗ್ಗಾ ಕಚ್ಚಿ ನೀರ ಎಳೀಬೇಕೇನ?" ಎಂದಳು ದುರ್ಗವ್ವ.

"ನನ್ನ ಎಮ್ಮಿ ಹಗ್ಗಕ್ಕ ನಿಲ್ಲಂಗಿಲ್ಲೋ ಎಪ್ಪಾ" ಎಂದಳು ರೇವವ್ವ.

"ಬಸವಣ್ಣನಾಣಿ!" ಕುಬೇರಪ್ಪ ಕೈಮುಗಿದ. "ಸುಶೀಲಿ ಊರಾಗ ಕಾಲಿಟ್ಟ ಗಳಿಗಿಗೆ ನಿಮ್ಮ ಸಾಮಾನ ನಿಮಗ."

ಹೆಂಡತಿ ಹೋದಾಗಿನಿಂದ ಅವನು ದಿನಕ್ಕೊಂದು ಮನೆಯಲ್ಲಿ ಊಟಕ್ಕೆ ಹಾಜರಾಗುತ್ತಿದ್ದುದರಿಂದ, ಸುಶೀಲವ್ವ ಬೇಗ ಬರಲೆಂಬ ಆಸೆ ಅವನಿಗಿಂತ ಊರಿಗೇ ಹೆಚ್ಚಿತ್ತು. ಒಪ್ಪಿದರು. ಮಾಳಪ್ಪ ಮಾತ್ರ ಬದಲಿಗೆ ಆ ಹಿಂದಿನ ಸೀಟು ಇಸಿದುಕೊಂಡ.

ಮಧ್ಯಾಹ್ನದೊಳಗೆ ಗಾಡಿ ಜೋಡಣೆಯಾಯಿತು. ಕುಬೇರಪ್ಪ ಒದ್ದ, ನಬೀಸಾಬ ಒದ್ದ, ಕಡೆಗೆ ಓಣಿಯವರೆಲ್ಲ ಸೇರಿ ನೂಕಿದರು. ಢಂ ಎಂದು ಹೊಗೆ ಉಗುಳಿ ಗಾಡಿ ಓಡಿತು. ರೇವವ್ವನ ಎಮ್ಮೆ ಹಗ್ಗ ಹರಿದುಕೊಂಡು ಇನ್ನೊಂದು ದಿಕ್ಕಿಗೆ ಓಡಿತು. ಹಿಂದೆ ಎದ್ದ ಬೈಗುಳ ಕುಬೇರಪ್ಪನಿಗೆ ಕೇಳಿಸಲಿಲ್ಲ.

ದೇವಿಕೊಪ್ಪದಲ್ಲಿ ಗಾಡಿ ನೋಡಲು ಓಣಿಯೇ ನೆರೆಯಿತು. ಸುಶೀಲವ್ವ ಇಳಕಲ್ ಸೀರೆ ಉಟ್ಟು ಗಂಟು ಹಿಡಿದು ಬಂದಳು. ಗಂಡ ನಿಜಕ್ಕೂ ಬಂದದ್ದು ಕಂಡು ಆಕೆಯ ಕಣ್ಣು ತುಂಬಿದವು. ಗಾಡಿಗೆ ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು.

"ನಾ ಎಲ್ಲಿ ಕುಂದ್ರಲಿ?"

ಕುಬೇರಪ್ಪ ಹಿಂದೆ ತಿರುಗಿ ನೋಡಿದ. ಇಷ್ಟು ದಿನ ಹೆಂಡತಿಗಾಗಿಯೇ ಒದ್ದಾಡಿದವನಿಗೆ ಅದು ಹೊಳೆದದ್ದು ಆಗಲೇ.

"ಅಲ್ಲ... ಇದು ಮಿಲಿಟ್ರಿ... ಅಸಲ..."

"ಹೆಂಡ್ತೀನ ಕರ್ಯಾಕ ಬಂದೀರೋ, ಯುದ್ಧಕ್ಕ ಹೊಂಟೀರೋ?"

ಮಾವ ರುಮಾಲಿನಿಂದ ಬಾಯಿ ಮುಚ್ಚಿಕೊಂಡ. ಗಂಡನ ಕಿವಿಯ ತನಕ ಹತ್ತಿದ ಎಣ್ಣೆಯ ಮಸಿ ನೋಡಿ ಸುಶೀಲವ್ವನ ಮನಸ್ಸು ಕರಗಿತು. "ಇರಲಿ, ನಾ ಬಸ್ಸಿಗೆ ಬರ್ತೇನಿ. ಗಂಟನ್ನಾರ ನೀವು ತರ್ರಿ" ಎಂದಳು.

ಗಾಡಿ ಸೇತುವೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಹುಬ್ಬಳ್ಳಿ ದಾಟುವುದರೊಳಗೆ ಬಸ್ಸು ಅವನನ್ನು ಹಿಂದೆ ಹಾಕಿತು. ಕಿಟಕಿಯಿಂದ ಸುಶೀಲವ್ವ ಕೈಬೀಸಿದಳು.

ಸಂಜೆ ಕುಬಿಹಾಳದ ಊರಬಾಗಿಲು ಅಗಸಿಯಲ್ಲೇ ದುರ್ಗವ್ವ ಖಾಲಿ ಕೊಡ ಹಿಡಿದು, ರೇವವ್ವ ಹರಿದ ಹಗ್ಗ ಹಿಡಿದು ನಿಂತಿದ್ದರು. ಅವರ ಹಿಂದೆ ನಬೀಸಾಬ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ.

"ಸುಶೀಲವ್ವ ಬಂದು ಒಲಿನೂ ಹಚ್ಚ್ಯಾಳ. ಇಳೀರಿ!" ಎಂದಳು ದುರ್ಗವ್ವ.

"ಮನೀ ತನಕಾರ ಬಿಡ್ರಿ..."

"ಬಸವಣ್ಣನಾಣಿ ಹಾಕೀರಿ!"

ಮೊದಲು ಗಾಲಿ ಹೋಯಿತು, ಆಮೇಲೆ ಚೈನು. ಮಾಳಪ್ಪ ಮುಂದಿನ ಸೀಟು ಕೇಳಲಿಲ್ಲ. ಗಿರಾಕಿಗಳಿಗೆ ಹಿಂದಿನ ಸೀಟೇ ಮೆತ್ತಗೆ ಕಂಡಿತ್ತಂತೆ, ಇನ್ನು ಅದನ್ನು ಯಾರಿಗೂ ಕೊಡುವುದಿಲ್ಲ ಎಂದ. ಶಂಕ್ರಪ್ಪ ಮಾತ್ರ ಉಳಿದ ಎಲುಬಿನ ಗೂಡಿಗೆ ಸಲಾಮು ಹೊಡೆದ.

ಕುಬೇರಪ್ಪ ಗಂಟು ತಲೆಯ ಮೇಲಿಟ್ಟುಕೊಂಡು ಊರ ನಡುವೆ ಹಾದು ಮನೆಗೆ ಬಂದ. ಹೊಸ್ತಿಲಲ್ಲಿ ನಿಂತಿದ್ದ ಸುಶೀಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಟ್ಟೆಲ್ಲಾ ಹೋತ್ರಿ ನಂದು. ಗಾಡಿ ಛಲೋ ಐತಿ. ನಾಳೆ ಹಿಂದಿನ ಸೀಟೊಂದು ಹಾಕಸ್ರಿ. ನಾಡಿದ್ದ ಅಕ್ಕನ ಮನ್ಯಾಗ ತೊಟ್ಟಿಲ ಕಾರ್ಯ ಐತಿ, ಗಾಡಿ ಮ್ಯಾಲೆನ ಹೋಗೂಣು. ಇಲ್ಲಂದ್ರ..."

ಅಷ್ಟು ಹೇಳಿ ಆಕೆ ಗಂಡ ತಂದ ಗಂಟನ್ನು ಒಳಗೆ ಒಯ್ಯದೆ, ಬಿಚ್ಚದೆ, ಬಾಗಿಲ ಪಕ್ಕದಲ್ಲೇ ಇಟ್ಟಳು.