ಪಂಖಾ ಬಿಟ್ಟು ಚಿತ್ರ ತಂದವನು

"ಇವತ್ತಿನಿಂದ ಈ ಮನ್ಯಾಗ ಪಂಖಾದ ಮಾತು ಬಂದ್!"

ಹೀಗೆಂದು ಸಿದ್ದರಾಮಪ್ಪ ಕುರ್ಲಾದ ಚಾಳಿನ ತನ್ನ ಖೋಲಿಯ ನಟ್ಟನಡುವೆ ನಿಂತು, ಬನಿಯನ್ನಿನಲ್ಲೇ, ರಾಜಶಾಸನ ಹೊರಡಿಸಿದ. ಕೇಳಲು ದೊಡ್ಡ ದರಬಾರೇನೂ ಇರಲಿಲ್ಲ. ಹೆಂಡತಿ ಅಂಬವ್ವ ರೊಟ್ಟಿ ಬಡಿಯುತ್ತಿದ್ದಳು, ಮಗ ಅನಿಕೇತ್ ಮಂಚದ ಮೇಲೆ ಬಿದ್ದುಕೊಂಡು ಮೊಬೈಲು ನೋಡುತ್ತಿದ್ದ. ಆದರೂ ಅರವತ್ತೆರಡರ ಆ ಗಂಟಲಿನಿಂದ ಅಂಥ ಧ್ವನಿ ಹೊರಟು ಬಹಳ ವರ್ಷಗಳಾಗಿದ್ದವು. ರೊಟ್ಟಿ ಬಡಿಯುವ ಸದ್ದು ಕೂಡ ಒಂದು ಕ್ಷಣ ನಿಂತಿತು.

ಪಂಖಾದ ಕಥೆ ಗೊತ್ತಿಲ್ಲದವರು ಆ ಚಾಳಿನಲ್ಲಿ ಯಾರೂ ಇಲ್ಲ. ನಿಮಗೆ ಗೊತ್ತಿರಲಾರದು, ಹೇಳುತ್ತೇನೆ. ವಿಜಯಪುರದಿಂದ ಬಂದ ಸಿದ್ದರಾಮಪ್ಪ ಮೊದಲು ಕುರ್ಲಾದಲ್ಲೇ ಒಂದು ಚೂಯಿಂಗ್ ಗಮ್ ಕಾರ್ಖಾನೆಯಲ್ಲಿದ್ದ. ಪ್ರತಿ ಗಮ್ಮಿನ ಜೊತೆಗೂ ಒಬ್ಬ ಕ್ರಿಕೆಟಿಗನ ಚಿತ್ರದ ಕಾರ್ಡು ಬರುತ್ತಿತ್ತು. ಅದನ್ನು ಪಾಕೀಟಿನೊಳಗೆ ಇಡುವುದೇ ಇವನ ಕೆಲಸ. ಎಂಬತ್ತೆಂಟರಲ್ಲಿ ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಮಾಲೀಕ ಗೋದಾಮಿನ ಬಾಗಿಲು ತೆರೆದು, "ಯಾರಿಗೆ ಏನು ಬೇಕೋ ಒಂದೊಂದು ಒಯ್ಯಿರಿ" ಅಂದ. ಒಬ್ಬ ತಕ್ಕಡಿ ಹೊತ್ತ. ಒಬ್ಬ ಕುರ್ಚಿ ಹೊತ್ತ. ಕ್ಯಾಂಟೀನಿನಲ್ಲಿದ್ದ ಉಡುಪಿ ಕಡೆಯ ಕೊರಗ ಎಂಬವನು ಏಣಿ ಹಾಕಿ ಸೀಲಿಂಗ್ ಪಂಖಾ ಇಳಿಸಿಕೊಂಡ. ನಮ್ಮ ಸಿದ್ದರಾಮಪ್ಪ? ಅರವತ್ನಾಲ್ಕು ಕ್ರಿಕೆಟಿಗರ ಪೂರ್ತಿ ಸೆಟ್ಟನ್ನು ಗಮ್ಮಿನ ತಗಡಿನ ಡಬ್ಬಿಯಲ್ಲಿ ಹಾಕಿಕೊಂಡು, ಎದೆಗೊತ್ತಿಕೊಂಡು, ಸೀಟಿ ಹೊಡೆಯುತ್ತಾ ಮನೆಗೆ ಬಂದ!

ಮದುವೆಯಾಗಿ ಆಗ ವರ್ಷವೂ ತುಂಬಿರಲಿಲ್ಲ.

"ಬಾಜೂ ಖೋಲಿ ಕೊರಗಣ್ಣ ಏನ್ ತಂದ್ರು?" ಅಂಬವ್ವ ಕೇಳಿದ್ದಳು.

"ಪಂಖಾ."

"ನೀವು?"

"ಚಿತ್ರ."

ಅಷ್ಟೇ! ಆ ತಿಂಗಳೇ ಖೋಲಿಯ ಡಿಪಾಜಿಟ್ಟಿಗಾಗಿ ಅಂಬವ್ವನ ತವರಿನ ನಾಲ್ಕು ತೊಲೆಯ ಚಿನ್ನದ ಪಾಟ್ಲಿ ಕೈಯಿಂದ ಇಳಿದು ಅಕ್ಕಸಾಲಿಗರ ಅಂಗಡಿ ಸೇರಿದವು. "ಹೊಸವು ಮಾಡಸ್ತೀನಿ" ಎಂದ ಸಿದ್ದರಾಮಪ್ಪ, ಮೂವತ್ತು ವರ್ಷ ಕಾಂದಿವಲಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಲೋಕಲ್‌ನಲ್ಲಿ ಜೋತುಬಿದ್ದು ಹೋಗಿ ಬಂದ. ಪಾಟ್ಲಿ ಮಾತ್ರ ಬರಲಿಲ್ಲ. ಅಂಬವ್ವನ ಕೈಯಲ್ಲಿ ಗಾಜಿನ ಬಳೆಗಳೇ ಆಡಿದವು.

ಪಾಟ್ಲಿಯ ವಿಷಯಕ್ಕೆ ಆಕೆ ಒಂದು ದಿನವೂ ಬಾಯಿ ತೆರೆಯಲಿಲ್ಲ, ಪಾಪ. ಪಂಖಾದ ವಿಷಯಕ್ಕೆ ಮುಚ್ಚಲಿಲ್ಲ! ಈ ಮೂವತ್ತೇಳು ವರ್ಷಗಳಲ್ಲಿ ಇವರ ಮನೆಯ ಆರು ಪಂಖಾ ಸುಟ್ಟುಹೋದವು. ಗೋಡೆಯ ಆಚೆ ಕೊರಗನ ಕಾರ್ಖಾನೆ ಪಂಖಾ ಗರ್ ಗರ್ ಎಂದು ತಿರುಗುತ್ತಲೇ ಇದೆ. ಪ್ರತಿ ಮೇ ತಿಂಗಳಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಅಂಬವ್ವ, "ಕೊರಗಣ್ಣ ಪಂಖಾ ತಂದ್ರು. ನಮ್ಮವರು ಚಿತ್ರ ತಂದ್ರು" ಎಂದು ನಿಟ್ಟುಸಿರು ಬಿಡುವಳು. ಎರಡು ಸಾವಿರದ ಐದರ ಮಹಾಮಳೆಯಲ್ಲಿ ಖೋಲಿಯೊಳಗೆ ಸೊಂಟದುದ್ದ ನೀರು ನುಗ್ಗಿದಾಗ ಇವನು ಜೋಳದ ಚೀಲ ಬಿಟ್ಟು ಡಬ್ಬಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. ಆಮೇಲಿನ ಹದಿನೈದು ದಿನ ಊಟಕ್ಕೆ ಕುಳಿತಾಗಲೆಲ್ಲ, "ಇವತ್ತ ಯಾವ ಚಿತ್ರದ ಪಲ್ಯ ಮಾಡ್ಲಿ?" ಎಂದು ಕೇಳಿಸಿಕೊಂಡ. ಉತ್ತರ ಕೊಡುವ ಮುಖ ಅವನಿಗಿರಲಿಲ್ಲ.

ಈಗ ಬಂದಿತ್ತು ನೋಡಿ, ಉತ್ತರ! ಅನಿಕೇತ್ ಸುಮ್ಮನೆ ತಮಾಷೆಗೆಂದು ಆ ಕಾರ್ಡುಗಳ ಫೋಟೋ ತೆಗೆದು ಮೊಬೈಲಿನ ಯಾವುದೋ ಗುಂಪಿಗೆ ಹಾಕಿದ್ದ. ಗ್ರಾಂಟ್ ರೋಡಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ ಮಂಗಳೂರು ಕಡೆಯ ಚೆನ್ನಯ ಎಂಬವನು ಅರ್ಧ ತಾಸಿನಲ್ಲಿ ಫೋನು ಮಾಡಿದ. ಅನಿಕೇತನ ಕಣ್ಣು ಅಗಲವಾದವು.

"ಪಪ್ಪಾ, ಅದು... ನಲವತ್ತೊಂದು ನಂಬರ್ ಕಾರ್ಡ್ ಅದ ನಾ, ಉಲ್ಟಾ ಪ್ರಿಂಟ್ ಆಗೇದ. ಬಲಗೈ ಬ್ಯಾಟ್ಸ್‌ಮನ್ ಎಡಗೈ ಆಗ್ಯಾನ. ಕಂಪನಿಯವರು ಎಲ್ಲಾ ಜಲಾ ದಿಯಾ, ಸುಟ್ಟರು. ನಿಮ್ಮ ಹತ್ರ ಏಕ್ ಹೀ ಉಳದದ! ಪೂರಾ ಸೆಟ್‌ಗೆ ಪಾಂಚ್ ಲಾಖ್!"

ಫೋನು ಕಸಿದುಕೊಂಡ ಸಿದ್ದರಾಮಪ್ಪನಿಗೆ ಚೆನ್ನಯ ಹೇಳಿದ್ದು ಒಂದೇ ಮಾತು. "ಲಂಡನ್ನಿನ ಪಾರ್ಟಿ ಮಾರಾಯ್ರೆ, ಐದು ಲಕ್ಷ ರೆಡಿ ಉಂಟು. ಆದ್ರೆ ಕಾರ್ಡ್ ಫೋಟೋದಲ್ಲಿ ಇದ್ದ ಹಾಗೇ ಇರ್ಬೇಕು. ಒಂದು ಗೀರು, ಒಂದು ಕಲೆ ಇದ್ರೆ ನಂಗೆ ಬೇಡ. ಶುಕ್ರವಾರ ಸಂಜೆ ತನ್ನಿ."

ಈ ಮಾತನ್ನು ಅಂಬವ್ವನಿಗೂ ಒಂದಿಷ್ಟು ಹೇಳಬೇಕಿತ್ತು. ಹೇಳಲು ಪುರುಸೊತ್ತೆಲ್ಲಿ? ಭಾಷಣವೇ ಮುಗಿದಿರಲಿಲ್ಲ!

"ಕೇಳಿದೇನ? ಐದು ಲಕ್ಷ! ಕೊರಗನ ಪಂಖಾ ಗುಜರಿಗೆ ಹಾಕಿದ್ರ ಐನೂರು ಬರಂಗಿಲ್ಲ. ಶುಕ್ರವಾರ ಸಂಜೀಕ ನಾಲ್ಕು ತೊಲಿ ಪಾಟ್ಲಿ ತಂದು ನಿನ್ನ ಕೈಯಾಗ ಹಾಕ್ತೀನಿ. ಇವನ್ನ ಕಚರಾ ಅಂತಿದ್ದಿಲ್ಲ? ಇದು ಕಾಗದ ಅಲ್ಲ, ಲಕ್ಷ್ಮಿ! ಸಾಕ್ಷಾತ್ ಲಕ್ಷ್ಮಿ! ಕೈ ಮುಗಿ!"

ಅಂಬವ್ವ ಹಿಟ್ಟಿನ ಕೈ ತೊಳೆದು ಬಂದಳು. ಡಬ್ಬಿಯ ಮುಂದೆ ಕುಳಿತಳು. ಮುಚ್ಚಳ ತೆರೆದು, ಮೊದಲ ಸಲ, ಆ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. "ಇದ್ರಾಗ ಮುಖ್ಯ ಯಾವ್ದು?" ಅಂದಳು. ಇವನು ನಲವತ್ತೊಂದನ್ನು ತೋರಿಸಿದ.

"ಮೂವತ್ತೇಳು ವರ್ಷ ನಿಮಗ ಅನಬಾರದ್ದು ಅಂದೆ" ಎಂದಳು ತಗ್ಗಿದ ದನಿಯಲ್ಲಿ. "ನಿಮ್ಮ ಕಿಮ್ಮತ್ತು ನನಗ ಗೊತ್ತಾಗಲಿಲ್ಲ. ತಪ್ಪಾತ್ರಿ."

ಐದು ಲಕ್ಷ ಕೈಗೆ ಬರುವ ಮೊದಲೇ ಸಿದ್ದರಾಮಪ್ಪನಿಗೆ ಬರಬೇಕಾದದ್ದು ಬಂದುಬಿಟ್ಟಿತ್ತು. ಅಲ್ಲಿಗೇ ಸುಮ್ಮನಾಗಿ ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದರೆ ಇವತ್ತು ಈ ಕಥೆಯೇ ಇರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಲಕ್ಷಾಧೀಶ ಕ್ಷೌರಕ್ಕೆ ಹೋದ. ಅಂಗಿಗೆ ಇಸ್ತ್ರಿ ಮಾಡಿಸಿದ. ದಾರಿಯಲ್ಲಿ ಕೊರಗ ಸಿಕ್ಕಾಗ, "ನಿಮ್ಮ ಪಂಖಾ ಆರಾಮ ಅದ ಏನು?" ಎಂದು ಕುಹಕದ ನಗೆ ನಕ್ಕ. ಮನೆಗೆ ಬಂದರೆ ಊದಿನಕಡ್ಡಿಯ ಘಮ! ಡಬ್ಬಿಯನ್ನು ಅಂಬವ್ವ ಹೊಸ ಗುಳೇದಗುಡ್ಡದ ಖಣದಲ್ಲಿ ಸುತ್ತಿ, ಮೂರು ಗಂಟು ಹಾಕಿ, ಮೇಲೊಂದು ಚೆಂಡುಹೂ ಸಿಕ್ಕಿಸಿ ಇಟ್ಟಿದ್ದಳು.

"ಶುಭ ಕೆಲಸಕ್ಕ ಹೊಂಟೀರಿ. ಅಂಗಡಿ ಮುಟ್ಟೋತನಕ ಗಂಟು ಬಿಚ್ಚಬ್ಯಾಡ್ರಿ" ಅಂದಳು.

ಹೆಂಡತಿಯ ಈ ಭಕ್ತಿ ಕಂಡು ಸಿದ್ದರಾಮಪ್ಪನ ಎದೆ ಎರಡಿಂಚು ಅಗಲವಾಯಿತು. ಕುರ್ಲಾದಿಂದ ದಾದರ್, ದಾದರ್‌ನಿಂದ ಗ್ರಾಂಟ್ ರೋಡ್. ದಾರಿಯುದ್ದಕ್ಕೂ ಗಂಟು ತೊಡೆಯ ಮೇಲೆ. ಎದುರು ಸೀಟಿನವನೊಬ್ಬ ಅದನ್ನು ನೋಡಿ ಗೌರವದಿಂದ ಚಪ್ಪಲಿ ಕಾಲನ್ನು ಹಿಂದಕ್ಕೆಳೆದುಕೊಂಡ. ಆಗಲಾದರೂ ಈ ಮನುಷ್ಯನಿಗೆ ಸಂಶಯ ಬರಬೇಡವೇ? ಬರಲಿಲ್ಲ. ಪಾಟ್ಲಿಗೆ ಕಮಲದ ಕೆತ್ತನೆಯೋ, ಬಳ್ಳಿಯ ಕೆತ್ತನೆಯೋ ಎಂದು ಅವನು ಯೋಚಿಸುತ್ತಿದ್ದ.

ಚೆನ್ನಯನ ಅಂಗಡಿ ಒಂದು ಉಡುಪಿ ಹೋಟೆಲಿನ ಮೇಲಿನ ಮಾಳಿಗೆಯಲ್ಲಿತ್ತು. ಚೆನ್ನಯ ಬಿಳಿ ಕೈಗವಸು ತೊಟ್ಟ. ಮೇಜಿನ ಮೇಲೆ ಮಖಮಲ್ಲು ಹಾಸಿದ. ದೀಪ ಹತ್ತಿಸಿದ. ಸಿದ್ದರಾಮಪ್ಪ ಗಂಟು ಬಿಚ್ಚಿ, ಮುಚ್ಚಳ ತೆರೆದು, "ನೋಡ್ರಿ!" ಎಂದು ಕುರ್ಚಿಗೊರಗಿದ.

ಚೆನ್ನಯ ನೋಡಿದ. ನೋಡುತ್ತಲೇ ಇದ್ದ.

"ಎಂತ ಮಾರಾಯ್ರೆ ಇದು? ನಾನು ಕಾರ್ಡ್ ತರ್ಲಿಕ್ಕೆ ಹೇಳಿದ್ದಾ, ಪ್ರಸಾದ ತರ್ಲಿಕ್ಕೆ ಹೇಳಿದ್ದಾ?"

ಸಿದ್ದರಾಮಪ್ಪ ಬಗ್ಗಿ ನೋಡಿದ. ಅರವತ್ನಾಲ್ಕು ಕ್ರಿಕೆಟಿಗರೂ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕಂಗೊಳಿಸುತ್ತಿದ್ದರು! ವೆಸ್ಟ್ ಇಂಡೀಸಿನ ವೇಗದ ಬೌಲರನ ಹಣೆಯಲ್ಲಿ ಕಾಸಿನಗಲ ಕುಂಕುಮ. ಆಸ್ಟ್ರೇಲಿಯಾದ ದಾಂಡಿಗ ಹೆಲ್ಮೆಟ್ ಹಾಕಿದ್ದರಿಂದ ಹೆಲ್ಮೆಟ್ಟಿಗೇ ಕುಂಕುಮ. ಒಂದು ಚಿತ್ರದಲ್ಲಿ ಹಿಂದೆ ನಿಂತಿದ್ದ ಅಂಪೈರು ಯಾರೋ ಹಿರಿಯರಿರಬೇಕೆಂದು ಅವನಿಗೆ ವಿಭೂತಿ ಬೇರೆ. ಒಂದನ್ನೂ ಬಿಟ್ಟಿರಲಿಲ್ಲ, ಒಂದೂ ಅತ್ತಿತ್ತ ಸರಿದಿರಲಿಲ್ಲ. ಅಷ್ಟು ಶ್ರದ್ಧೆ! ನಲವತ್ತೊಂದನೆಯ ನಂಬರನ್ನು ಹುಡುಕುವುದೇ ಬೇಕಿರಲಿಲ್ಲ. ಮುಖ್ಯ ದೇವರಲ್ಲವೇ, ಅವನಿಗೆ ತುಪ್ಪದಲ್ಲಿ ಕಲಸಿದ ಕುಂಕುಮ, ಅದರ ಮೇಲೆ ಅಂಟಿದ ಅಕ್ಷತೆ. ತುಪ್ಪ ಕಾಗದವನ್ನು ಹೀರಿ ಹೀರಿ ಬ್ಯಾಟಿನ ತನಕ ಇಳಿದಿತ್ತು.

ಅಂಬವ್ವನ ತಂದೆಗೆ ವಿಜಯಪುರದಲ್ಲಿ ಕಾಳಿನ ಅಂಗಡಿ. ದೀಪಾವಳಿಯ ಲಕ್ಷ್ಮೀಪೂಜೆಗೆ ತಿಜೋರಿ, ತಕ್ಕಡಿ, ಕೀಲಿಕೈ, ಬಿಲ್ಲು ಪುಸ್ತಕ, ಎಲ್ಲಕ್ಕೂ ಅರಿಷಿಣ ಕುಂಕುಮ. ಬೆಲೆಬಾಳುವ ವಸ್ತುವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಆಕೆಗೆ ಚಿಕ್ಕಂದಿನಿಂದ ಗೊತ್ತು. ಮೂವತ್ತೇಳು ವರ್ಷ ಕಚರಾ ಎಂದಳು, ಒಂದು ಬೆರಳೂ ತಾಗಿಸಲಿಲ್ಲ. ಚಿತ್ರಗಳು ಹೊಸದಾಗಿಯೇ ಉಳಿದವು. ಒಂದು ದಿನ ಗಂಡನ ಮಾತು ನಂಬಿದಳು, ಮುಗಿದೇ ಹೋಯಿತು!

"ಒರೆಸಿದ್ರ?" ಸಿದ್ದರಾಮಪ್ಪ ಖಣದ ತುದಿಯನ್ನು ಕೈಗೆತ್ತಿಕೊಂಡ.

"ಅರಿಷಿಣ ಮಾರಾಯ್ರೆ, ಹೋಗ್ತದಾ? ಒರೆಸಿದ್ರೆ ಚಿತ್ರವೂ ಹೋಗ್ತದೆ." ಚೆನ್ನಯ ಕೈಗವಸು ಕಳಚಿದ. "ನಿನ್ನೆ ತಂದಿದ್ರೆ ಐದು ಲಕ್ಷ. ಇವತ್ತು ಐದು ಪೈಸೆ ಇಲ್ಲ."

ಅವನೂ ಒಳ್ಳೆಯವನೇ. ಇವನ ಮುಖ ನೋಡಿ ಕೆಳಗಿನಿಂದ ಕಾಫಿ ತರಿಸಿದ. ಆಮೇಲೆ ತಗಡಿನ ಡಬ್ಬಿಯನ್ನು ಎತ್ತಿ, ತಿರುಗಿಸಿ, ಒದ್ದೆ ಬಟ್ಟೆಯಿಂದ ಅದರ ಮುಚ್ಚಳದ ಕುಂಕುಮ ಒರೆಸಿದ. ತಗಡು ಫಳಫಳ ಹೊಳೆಯಿತು.

"ಡಬ್ಬಿ ಕೊಡ್ತೀರಾ? ಹಳೇ ತಗಡಿನ ಡಬ್ಬಿಗೆ ಗಿರಾಕಿ ಉಂಟು. ಹದಿನೆಂಟು ನೂರು ಕೊಡ್ತೇನೆ."

ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಅರವತ್ನಾಲ್ಕು ಮಂದಿ ಮುತ್ತೈದೆಯರಂತೆ ಖಣದ ಗಂಟಿನಲ್ಲಿ ಕುಳಿತು ಮತ್ತೆ ಲೋಕಲ್ ಹತ್ತಿದರು.

ದಾದರ್ ಬರುವ ತನಕ ಸಿದ್ದರಾಮಪ್ಪ ಮನಸ್ಸಿನಲ್ಲೇ ಭಾಷಣ ತಯಾರು ಮಾಡಿದ. ಎಂಥ ಭಾಷಣ ಅಂತೀರಿ! "ನಿನಗ ಬುದ್ಧಿ ಅದ ಏನು? ಐದು ಲಕ್ಷದ ಮ್ಯಾಲ ತುಪ್ಪ ಸುರದೆಲ್ಲ! ಇನ್ನ ಮ್ಯಾಲ ಪಂಖಾದ ಹೆಸರು ಎತ್ತು, ನೋಡೋಣ!" ಮೂವತ್ತೇಳು ವರ್ಷ ಕೇಳಿಸಿಕೊಂಡದ್ದನ್ನೆಲ್ಲ ಒಂದೇ ಸಂಜೆಯಲ್ಲಿ ಬಡ್ಡಿಸಮೇತ ತಿರುಗಿ ಕೊಡುವ ಅವಕಾಶ! ತಪ್ಪು ಈ ಸಲ ಇವನದಲ್ಲ. ಸಾಕ್ಷಿಗೆ ಅರವತ್ನಾಲ್ಕು ಹಣೆಗಳಿವೆ. ಕುರ್ಲಾ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಭಾಷಣ ಪೂರ್ತಿ ಬಾಯಿಪಾಠವಾಗಿತ್ತು.

ಚಾಳಿನ ಬಾಗಿಲಲ್ಲಿ ಅಂಬವ್ವ ಕಾಯುತ್ತಿದ್ದಳು. ಹಬ್ಬದ ಇಳಕಲ್ ಸೀರೆ ಉಟ್ಟಿದ್ದಳು. ಕೊರಗನೂ ಅವನ ಹೆಂಡತಿ ವಾರಿಜಾಳೂ ಜೊತೆಗೆ ನಿಂತಿದ್ದರು, ಅಂಬವ್ವನೇ ಕರೆದಿದ್ದಳು. ಗಂಡನನ್ನು ಕಂಡದ್ದೇ ಆಕೆ ನಾಚಿಕೊಂಡು ಎರಡೂ ಕೈ ಮುಂದಕ್ಕೆ ಚಾಚಿದಳು. ಗಾಜಿನ ಬಳೆ ಒಂದೊಂದೇ ಉಳಿಸಿ ಮಿಕ್ಕದ್ದನ್ನೆಲ್ಲ ತೆಗೆದಿಟ್ಟು, ಪಾಟ್ಲಿ ಸರಾಗ ಏರಲೆಂದು ಮುಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದಳು. ಬಳೆ ಇದ್ದ ಜಾಗದ ಚರ್ಮ ಮಾತ್ರ ಬೆಳ್ಳಗಿತ್ತು.

"ನೋಡ್ರಿ ಕೊರಗಣ್ಣ, ಇವರು ಚಿತ್ರ ತಂದಾಗ ನಾ ಎಷ್ಟ ಬೈದಿದ್ದೆ!" ಎಂದಳು ನಗುತ್ತಾ.

ಭಾಷಣದ ಒಂದು ಅಕ್ಷರವೂ ಹೊರಗೆ ಬರಲಿಲ್ಲ. ಹೇಳಿದರೆ ಈ ಹೆಂಗಸು ಸಾಯುವ ತನಕ ತನ್ನ ಆ ಕೈಗಳನ್ನು ಕ್ಷಮಿಸುವುದಿಲ್ಲ. ಹೇಳದಿದ್ದರೆ ಇವನು ಸಾಯುವ ತನಕ ಮೂರ್ಖ. ಸಿದ್ದರಾಮಪ್ಪನಿಗೆ ಅಳು ಬಂತು, ಸಿಟ್ಟು ಬಂತು, ಕೊರಗನ ಮುಂದೆ ನಾಚಿಕೆಯೂ ಬಂತು. ಗಂಟನ್ನು ಕಟ್ಟೆಯ ಮೇಲಿಟ್ಟ.

"ಚಿತ್ರ ಕಚರಾ ಅಂತ. ಫೋಟೋ ನೋಡಿ ಆ ಮನಷ್ಯಾ ಮೋಸ ಹೋಗಿದ್ನಂತ. ನೀ ಹೇಳಿದ್ದೇ ಖರೆ ಆತು. ಡಬ್ಬಿ ಅಷ್ಟೇ ಮಾರಾಟ ಆತು. ಹದಿನೆಂಟು ನೂರು."

ಕೊರಗ ಕೆಮ್ಮಿದ, "ಅಡ್ಡಿಲ್ಲ ಬಿಡಿ" ಎಂದು ಹೆಂಡತಿಯನ್ನು ಕರೆದುಕೊಂಡು ಒಳಗೆ ಹೋದ. ಒಳಗಿನಿಂದ ಪಂಖಾದ ಗರ್ ಗರ್ ಶುರುವಾಯಿತು. ಅಂಬವ್ವ ಎಣ್ಣೆಯ ಕೈಗೆ ಗಾಜಿನ ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡಳು. ಅವೇನೋ ಸರಾಗವಾಗಿ ಏರಿದವು.

"ಕೊರಗಣ್ಣ ಪಂಖಾ ತಂದ್ರು" ಅಂದಳು ಕೊನೆಗೆ, ಹಳೆಯ ಧ್ವನಿಯಲ್ಲೇ. ಸಿದ್ದರಾಮಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಆಕೆ ಗಂಟಿನ ಕಡೆ ನೋಡಿದಳು. "ಅಲ್ರೀ, ಡಬ್ಬಿ ಮಾರಾಟ ಆತಲ್ಲ?"

"ಹೂಂ."

"ಆಗ್ದೆ ಏನ್ ಮಾಡ್ತದ! ಡಬ್ಬಿ ಮ್ಯಾಲ ಅಂಗೈಯಷ್ಟು ಕುಂಕುಮ ಹಚ್ಚಿದ್ದೆ" ಎಂದು ಅಂಬವ್ವ ಹಣೆ ಚಚ್ಚಿಕೊಂಡಳು. "ಚಿತ್ರಕ್ಕ ಕಡಿಮಿ ಬಿತ್ತು ನೋಡ್ರಿ. ತಪ್ಪು ನಂದೇ!"