ಬೀಗದಣ್ಣ ಬೀಗಿದ್ದು

"ಒಂದು ಮಗೂನ ಅರ್ಧ ದಿನ ನೋಡ್ಕೊಳ್ಳೋಕೆ ಪರ ಊರಿಂದ ಅತ್ತೆ ಬರಬೇಕಾ? ಮೂರು ತಿಂಗಳ ಬಟ್ಟೆ ತುಂಬ್ಕೊಂಡು? ಯಾರೂ ಬರೋದು ಬೇಡ! ನನ್ನ ಮಗ ತನ್ನಷ್ಟಕ್ಕೆ ತಾನೇ ಆಡ್ತಾನೆ. ಆಡೋ ಹಾಗೆ ನಾನು ಮಾಡ್ತೀನಿ!"

ಹೀಗೆಂದು ಬೀಗದಣ್ಣ ಊಟದ ಮೇಜಿಗೆ ಗುದ್ದಿದ. ಮೇಜಿನ ಮೇಲಿದ್ದ ಲೋಟ ಹಾರಿತು. ಹೆಂಡತಿ ಹಾರಲಿಲ್ಲ. ಅವಳು ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಎದುರಿಗೆ ಕೂತವರು ಇಲ್ಲದ ಅಕ್ಷರವನ್ನು ಇದೆ ಎಂದು ಓದುವುದನ್ನು ದಿನವೂ ಕೇಳಿಸಿಕೊಂಡು ಅಭ್ಯಾಸವಾಗಿತ್ತು.

"ಆಗಲಿ ರೀ" ಎಂದಳು. "ಭಾನುವಾರ ಅಂಗಡಿಗೆ ಬಾ ಅಂತ ಕರೆದಿದಾರೆ. ಮಧ್ಯಾಹ್ನದವರೆಗೆ. ಅವತ್ತು ನೀವು ನೋಡ್ಕೊಳ್ಳಿ. ಸರಿಹೋದ್ರೆ ನಾನು ಕೆಲಸಕ್ಕೆ ವಾಪಸ್ಸು ಸೇರ್ಕೋತೀನಿ, ಅಮ್ಮನ್ನ ಕರೆಸಲ್ಲ."

"ಸರಿಹೋಗದೆ ಏನು?"

"ಏನಿಲ್ಲ. ಸುಮ್ಮನೆ ಅಂದೆ."

ಬೀಗ ರಿಪೇರಿ ಬೀಗದಣ್ಣನ ಕಸುಬು. ಬೀದಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ. ಅಂಗಡಿಯ ಬೋರ್ಡಿನ ಮೇಲೆ "ಯಾವುದೇ ಬೀಗ, ಯಾವುದೇ ಬಾಗಿಲು, ಕರೆದಲ್ಲಿಗೆ ಬಂದು ತೆಗೆಯಲಾಗುವುದು" ಎಂದು ಬರೆಸಿ, ಕೆಳಗೆ ತನ್ನ ಮೊಬೈಲ್ ನಂಬರನ್ನು ಆಕಾಶದಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಗೆ ಹಾಕಿಸಿದ್ದ. ದಿನವಿಡೀ ಬೀಗದ ಜೊತೆ ಇರುವವನಿಗೆ ಬೀಗುವ ಚಟ ಅಂಟಿಕೊಂಡರೆ ತಪ್ಪೇನು? ಅವನ ಬಳಿ ಎರಡು ಸಿದ್ಧ ಮಾತುಗಳಿದ್ದವು. ಒಂದು, ಬಿಲ್ಲು ಕೇಳಿ ಗಿರಾಕಿ ಹುಬ್ಬೇರಿಸಿದಾಗ ಹೇಳುವಂಥದ್ದು: "ಹಾಕೋದು ಮಗೂಗೂ ಬರತ್ತೆ ಸ್ವಾಮಿ! ತೆಗೆಯೋದಕ್ಕೆ ನಮ್ಮ ಹತ್ರಾನೇ ಬರಬೇಕು." ಇನ್ನೊಂದು, ಯಾರೂ ಕೇಳದಿದ್ದಾಗಲೂ ಹೇಳುವಂಥದ್ದು: "ನನ್ನನ್ನ ಬಾಗಿಲ ಹೊರಗೆ ನಿಲ್ಲಿಸೋ ಮಗ ಇನ್ನೂ ಹುಟ್ಟಿಲ್ಲ!"

ಅತ್ತೆಯನ್ನು ಕಂಡರೆ ಅವನಿಗೆ ದ್ವೇಷವಿರಲಿಲ್ಲ, ಮಂಡಿನೋವಿತ್ತು. ಆಕೆ ನಿವೃತ್ತ ಡ್ರಿಲ್ ಟೀಚರ್. ನಿವೃತ್ತಿಯಾದದ್ದು ಶಾಲೆಯಿಂದ, ಡ್ರಿಲ್ಲಿನಿಂದಲ್ಲ. ಹೋದ ಸಲ ಬಂದವರು ಕೊರಳಿನ ಸೀಟಿಯನ್ನು ಬೆಳಗಿನ ಜಾವವೇ ಊದಿ, ಅಳಿಯನನ್ನು ತಾರಸಿಗೆ ಹತ್ತಿಸಿ, ಕೈ ಮೇಲೆ, ಕೈ ಕೆಳಗೆ, ಮಂಡಿ ಬಗ್ಗಿಸಿ ಎಂದು ವಾರಗಟ್ಟಲೆ ಕುಣಿಸಿದ್ದರು. ಎದುರು ಸಾಲಿನ ಟೈಲರು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ಈ ಸಲ ಮೂರು ತಿಂಗಳು ಎಂದರೆ ತನ್ನ ಮಂಡಿಯ ಕೀಲುಗಳಿಗೆ ತನ್ನ ಅಂಗಡಿಯ ಎಣ್ಣೆಯೂ ಸಾಲದು ಎಂದು ಬೀಗದಣ್ಣನಿಗೆ ಖಾತ್ರಿಯಿತ್ತು.

ಇನ್ನು ಮಗು. ಮನೆಯಲ್ಲಿ ಅವನಿಗೆ "ದೊರೆ" ಎಂದು ಹೆಸರು. ಅದಕ್ಕೆ ಕಾರಣ ಕೇಳಬೇಕಾದ್ದಿಲ್ಲ. ಅಪ್ಪ ಅಮ್ಮ ಇಬ್ಬರೂ ಆಳುಗಳಾಗಿದ್ದರು. ವರ್ಷ ತುಂಬಿದ್ದ ದೊರೆ ಗೋಡೆ ಹಿಡಿದು ನಡೆಯುತ್ತಿದ್ದ, ಹಿಡಿಯದೆ ಬೀಳುತ್ತಿದ್ದ. ಕಣ್ಣೆದುರು ಒಬ್ಬರಾದರೂ ಇರಬೇಕು. ಇದ್ದರೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಇಳಿಸಬೇಕು.

ಬೀಗದಣ್ಣ ಆಟಿಕೆಯಂಗಡಿಗೆ ನುಗ್ಗಿದ. "ತನ್ನಷ್ಟಕ್ಕೆ ತಾನೇ ಆಡುವಂಥದ್ದು ಕೊಡಿ" ಎಂದ. ಅಂಗಡಿಯವನು ಡೋಲು ಬಡಿಯುವ ಕರಡಿಯನ್ನು ಕೊಟ್ಟ. ಮನೆಗೆ ತಂದು ಬ್ಯಾಟರಿ ಹಾಕಿದರೆ ಕರಡಿ ನಿಜಕ್ಕೂ ತನ್ನಷ್ಟಕ್ಕೆ ತಾನೇ ಆಡಿತು. ಮಗು ಅದನ್ನು ನೋಡಿ ಕಿಟಾರನೆ ಕಿರುಚಿ ಅಪ್ಪನ ಕತ್ತು ಹತ್ತಿತು. ಒಂದರ ಮೇಲೊಂದು ಪೇರಿಸುವ ಬಣ್ಣದ ಬಳೆಗಳು ಬಂದವು. ಬೀಗದಣ್ಣ ಪೇರಿಸಿದ, ದೊರೆ ಕೆಡವಿದ. ಮತ್ತೆ ಪೇರಿಸಿದ, ಮತ್ತೆ ಕೆಡವಿದ. ಸಂಜೆಯಾಗುವಷ್ಟರಲ್ಲಿ ಬಳೆ ಪೇರಿಸುವುದರಲ್ಲಿ ಬೀಗದಣ್ಣನ ಕೈ ಚೆನ್ನಾಗಿ ಪಳಗಿತ್ತು.

"ಇವು ದುಡ್ಡು ಕೊಟ್ಟು ತಂದದ್ದು, ಅದಕ್ಕೇ ಹೀಗೆ!" ಎಂದು ಕೊನೆಗೆ ಘೋಷಿಸಿದ. "ಕಮ್ಮಾರನ ಮಗ ಸುತ್ತಿಗೆ ಹಿಡಿದೇ ಹುಟ್ಟಬೇಕು. ನನ್ನ ಮಗನಿಗೆ ಕರಡಿ ಯಾಕೆ?"

ಎರಡು ರಾತ್ರಿ ಕೂತು ಒಂದು ಹಲಗೆ ತಯಾರಿಸಿದ. ಅದರ ಮೇಲೆ ಕೀಲು, ಕೊಂಡಿ, ಗಡಗಡ ತಿರುಗುವ ಚಕ್ರ, ನಡುವೆ ಒಂದು ಚಿಲಕ. ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ. ಬಾಲ್ಕನಿಯ ಗಾಜಿನ ಬಾಗಿಲಿಗೆ, ದೊರೆ ಹೊರಗೆ ಹೋಗದಿರಲೆಂದು, ನೆಲಕ್ಕೆ ಇಳಿಯುವ ಚಿಲಕವೊಂದನ್ನು ಒಳಬದಿಯಲ್ಲಿ ಕೆಳಗಡೆ ಮೊದಲೇ ಹಾಕಿದ್ದ. ಅದು ಬಂದ ಪೆಟ್ಟಿಗೆಯಲ್ಲಿ ಉಳಿದಿದ್ದ ಅದರ ಜೋಡಿಯನ್ನೇ ಹಲಗೆಗೂ ಜಡಿದ. ಸಾಮಾನು ದಂಡವಾಗಬಾರದಲ್ಲ!

ದೊರೆ ಕೀಲನ್ನು ಮೂಸಿದ, ಚಕ್ರವನ್ನು ನೆಕ್ಕಿದ, ಚಿಲಕವನ್ನು ಹಿಡಿದು ಕೆಳಕ್ಕೆ ಒತ್ತಿದ. ಟಕ್!

ಬೀಗದಣ್ಣ ಕುಪ್ಪಳಿಸಿ ಚಪ್ಪಾಳೆ ತಟ್ಟಿದ. "ಶಭಾಷ್ ದೊರೆ! ವಂಶೋದ್ಧಾರಕ!" ತಾನೇ ಚಿಲಕ ಮೇಲೆತ್ತಿ ಇಟ್ಟ. ದೊರೆ ಮತ್ತೆ ಒತ್ತಿದ. ಟಕ್! ಮತ್ತೆ ಚಪ್ಪಾಳೆ. ವಾರವಿಡೀ ಮನೆಯಲ್ಲಿ ಟಕ್, ಚಪ್ಪಾಳೆ, ಟಕ್, ಚಪ್ಪಾಳೆ.

"ತೆಗೆಯೋದು ಯಾವಾಗಲೂ ನೀವೇ ಮಾಡ್ತೀರಲ್ಲ ರೀ" ಎಂದಳು ಹೆಂಡತಿ.

"ಹಾಕೋದು ಮಗೂಗೂ ಬರತ್ತೆ. ತೆಗೆಯೋದು ವಿದ್ಯೆ. ನಿಧಾನಕ್ಕೆ ಹೇಳಿಕೊಡ್ತೀನಿ."

ಭಾನುವಾರ ಬಂತು. ಹೆಂಡತಿ ದೊರೆಯ ಕೆನ್ನೆಗೆ ಮುತ್ತಿಟ್ಟು, ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಬಾಗಿಲೆಳೆದುಕೊಂಡು ಹೋದಳು. ಆ ಬಾಗಿಲಿನ ಬೀಗ ಬೀಗದಣ್ಣನ ಬಾಳಿನ ಮೇರುಕೃತಿ. ಎಳೆದರೆ ತಾನೇ ಬೀಳುತ್ತದೆ. ಅದಕ್ಕೆ ಜಗತ್ತಿನಲ್ಲಿ ಎರಡೇ ಬೀಗದ ಕೈ, ಗಂಡನಿಗೊಂದು, ಹೆಂಡತಿಗೊಂದು. ನಕಲು ಮಾಡಲು ಯಾವನಿಂದಲೂ ಸಾಧ್ಯವಿಲ್ಲವೆಂದು ಅವನು ಪಂಥ ಕಟ್ಟಿದ್ದ.

ಹಲಗೆಯ ಮುಂದೆ ದೊರೆಯನ್ನು ಕೂರಿಸಿದ. ದೊರೆ ಹಲಗೆಗೆ ಬೆನ್ನು ತಿರುಗಿಸಿ ಅಪ್ಪನ ಪಂಚೆ ಹಿಡಿದ. ಬೀಗದಣ್ಣ ಸೋಫಾದ ಹಿಂದೆ ಅಡಗಿದ. ದೊರೆ ತೆವಳಿ ಬಂದು ಹಿಡಿದ. ಕಪಾಟಿನ ಪಕ್ಕ ನಿಂತ. ಅಲ್ಲಿಗೂ ಬಂದ. ಆಗ ಬೀಗದಣ್ಣನಿಗೆ ಜ್ಞಾನೋದಯವಾಯಿತು. ತಾನು ಕಾಣುತ್ತಿರುವುದೇ ತೊಂದರೆ! ಕಾಣದಿದ್ದರೆ ಮಗು ಆಡುತ್ತದೆ!

ಟೀ ಲೋಟ ಹಿಡಿದು ಮೆಲ್ಲಗೆ ಬಾಲ್ಕನಿಗೆ ಜಾರಿ, ಗಾಜಿನ ಬಾಗಿಲು ಮುಂದಕ್ಕೆಳೆದು, ಗೋಡೆಯ ಮರೆಯಲ್ಲಿ ನಿಂತ. ಮೈಮೇಲೆ ಬನಿಯನ್ನು, ಪಂಚೆ, ಹೆಗಲ ಮೇಲೊಂದು ಟವೆಲ್. ಒಳಗೆ ಅಳುವಿಲ್ಲ. ಕೂಗಿಲ್ಲ. ಬೀಗದಣ್ಣ ಟೀ ಗುಟುಕರಿಸಿ, ಅತ್ತೆಯ ಸೀಟಿಗೆ ಮನಸ್ಸಿನಲ್ಲೇ ವಿದಾಯ ಹೇಳಿದ.

ಟಕ್!

ಆ ಸದ್ದು ಹಲಗೆಯದಲ್ಲ ಎಂದು ತಿಳಿಯಲು ಕಸುಬುದಾರನಿಗೆ ಕಣ್ಣು ಬೇಕಿರಲಿಲ್ಲ. ತಿರುಗಿ ನೋಡಿದ. ಗಾಜಿನಾಚೆ ದೊರೆ ನೆಲದ ಮೇಲೆ ಕೂತು, ಇಳಿದ ಚಿಲಕವನ್ನೂ ಅಪ್ಪನನ್ನೂ ನೋಡಿ, ತನಗೆ ತಾನೇ ಚಪ್ಪಾಳೆ ತಟ್ಟುತ್ತಿದ್ದ.

ಹುಟ್ಟಿಲ್ಲ ಹುಟ್ಟಿಲ್ಲ ಎನ್ನುತ್ತಿದ್ದ ಮಗ ಹುಟ್ಟಿ ವರ್ಷದ ಮೇಲಾಗಿತ್ತು.

"ದೊರೆ, ಎತ್ತಪ್ಪಾ! ಮೇಲೆ, ಮೇಲೆ!" ಬೀಗದಣ್ಣ ಕೈಯೆತ್ತಿ ತೋರಿಸಿದ. ದೊರೆಯೂ ಎರಡು ಕೈ ಮೇಲೆತ್ತಿದ. ಚಿಲಕ ಮಾತ್ರ ಇದ್ದಲ್ಲೇ ಇತ್ತು.

ಎದುರು ಸಾಲಿನಿಂದ ಟೈಲರು ಕತ್ತು ಹೊರಹಾಕಿದ. "ಏನು ಬೀಗದಣ್ಣ, ಬೆಳಗ್ಗೇನೇ ಡ್ರಿಲ್ಲು? ಅತ್ತೆ ಬಂದ್ರಾ?"

"ಬಾಗಿಲು ಹಾಕ್ಕೊಂಡುಬಿಡ್ತು ಟೈಲರೇ!"

"ಅಯ್ಯೋ! ಬೀಗದೋರನ್ನ ಕರೆಸ್ಲಾ?"

"ಬೀಗದೋನು ನಾನೇ ಕಣಯ್ಯಾ!"

"ಗೊತ್ತಣ್ಣ. ಆದ್ರೂ ಬೋರ್ಡಲ್ಲಿ ಕರೆದಲ್ಲಿಗೆ ಬರ್ತೀವಿ ಅಂತ ಇದೆಯಲ್ಲ, ಯಾರಾದ್ರೂ ಇರಬಹುದು" ಎಂದು, ತಡೆಯುವ ಮೊದಲೇ ಆ ದಪ್ಪ ನಂಬರನ್ನು ಒತ್ತಿಬಿಟ್ಟ. ಒಳಗೆ ಸೋಫಾದ ಮೇಲೆ ಬೀಗದಣ್ಣನ ಫೋನು ಕುಣಿಯತೊಡಗಿತು. ದೊರೆ ತೆವಳಿ ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟ.

"ಅಣ್ಣ, ನಿಮ್ಮ ಅಂಗಡಿಯೋರು ಎತ್ತಿದ್ರು!" ಟೈಲರು ಸಂಭ್ರಮದಿಂದ ಕೂಗಿದ. "ಆದ್ರೆ ಏನು ಹೇಳ್ತಿದಾರೋ ತಿಳೀತಾ ಇಲ್ಲ. ಬ್ಬ ಬ್ಬ ಅಂತಾರೆ."

ಬೀದಿಯಲ್ಲಿ ಜನ ಸೇರಿದರು. ಒಬ್ಬ ಏಣಿ ತರಲೇ ಎಂದ. ಇಳಿದು ಮಾಡುವುದೇನು? ಮನೆಯ ಬೀಗದ ಕೈ ಒಳಗೆ, ಅಂಗಡಿಯ ಬೀಗದ ಕೈ ಒಳಗೆ, ಸಾಮಾನಿನ ಚೀಲ ಒಳಗೆ. ಮುಂಬಾಗಿಲ ಬೀಗವೋ, ಸ್ವತಃ ತಯಾರಿಸಿದವನಿಗೇ ಬಗ್ಗುವಂಥದ್ದಲ್ಲ. ಗಾಜು ಒಡೆಯೋಣವೆಂದರೆ ಮಗು ಆಗಾಗ ಬಂದು ಅದಕ್ಕೇ ಮೂಗೊತ್ತಿ ನಿಲ್ಲುತ್ತಿತ್ತು.

"ನಿಮ್ಮ ಮನೆಯೋರಿಗೆ ಹೇಳಿ ಬರ್ಲಾ? ಕನ್ನಡಕದಂಗಡಿ ಇಲ್ಲೇ ತಿರುವಿನಲ್ಲಿ."

"ಅವಳಿಗೆ ಮಾತ್ರ ಬೇಡ!" ಬೀಗದಣ್ಣ ಕೈ ಮುಗಿದ. "ಮೂರು ತಿಂಗಳ ಪ್ರಶ್ನೆ! ಬೇರೆ ಏನಾದ್ರೂ ಮಾಡೋಣ."

ಅಷ್ಟರಲ್ಲಿ ದೊರೆಗೆ ಫೋನು ಬೇಜಾರಾಯಿತು. ಅತ್ತಿತ್ತ ನೋಡಿದ. ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಕೆಳಗಿನ ಡ್ರಾಯರಿನಲ್ಲಿ ಚಾಕುಗಳಿದ್ದವು. ಆ ಡ್ರಾಯರಿಗೆ ಬೀಗ ಹಾಕಿಕೊಡಿ ಎಂದು ಹೆಂಡತಿ ತಿಂಗಳಿಂದ ಹೇಳುತ್ತಿದ್ದಳು. ದೊರೆ ಆ ಕಡೆ ತೆವಳಲು ತೊಡಗಿದ.

ಬೀಗದಣ್ಣನಿಗೆ ಇಡೀ ಬೀದಿ ನೋಡುತ್ತಿರುವುದು, ಬನಿಯನ್ನು, ಮಾನ, ಮರ್ಯಾದೆ ಒಂದೂ ನೆನಪಾಗಲಿಲ್ಲ. "ಹೇಳಿ ಟೈಲರೇ! ಅವಳಿಗೇ ಹೇಳಿ! ಅತ್ತೆಗೂ ಹೇಳಿ! ಊರಿಗೆಲ್ಲ ಹೇಳಿ, ಓಡಿ!" ಎಂದು ಕಿರುಚಿ, ಗಾಜಿಗೆ ಅಂಗೈಯಿಂದ ಬಡಿದು, ಟವೆಲನ್ನು ಮುಖದ ಮೇಲೆ ಎಳೆದುಕೊಂಡ. "ದೊರೇ! ಅಪ್ಪ ಎಲ್ಲಿ? ಅಪ್ಪ ಎಲ್ಲಿ?" ಟವೆಲ್ ಕಿತ್ತ. "ಇಲ್ಲಿ!"

ದೊರೆ ತಿರುಗಿ ನೋಡಿದ. ನಕ್ಕ. ವಾಪಸ್ಸು ಬಂದ.

ಆಮೇಲೆ ಬೀಗದಣ್ಣ ನಿಲ್ಲಿಸುವಂತಿರಲಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿ ಸೀನಿದ. ಬಕೆಟ್ಟನ್ನು ತಲೆಗೆ ಹಾಕಿಕೊಂಡು ಬಡಿದ. ಡೋಲಿನ ಕರಡಿ ಮಾಡಿದ್ದನ್ನೆಲ್ಲ ಬ್ಯಾಟರಿಯಿಲ್ಲದೆ ಮಾಡಿದ. ನಿಂತರೆ ಮಗು ಅಡುಗೆಮನೆಯ ಕಡೆ ನೋಡುತ್ತದೆ, ಕುಣಿದರೆ ಇತ್ತ ನೋಡುತ್ತದೆ. ಕೈ ಮೇಲೆ, ಕೈ ಕೆಳಗೆ, ಮಂಡಿ ಬಗ್ಗಿಸಿ! ಕೆಳಗೆ ಬೀದಿಯವರು ತಾಳ ಹಾಕತೊಡಗಿದರು. ದೊರೆ ಗಾಜಿಗೆ ಕೆನ್ನೆಯೊತ್ತಿ ಕೇಕೆ ಹಾಕಿ ನಗುತ್ತಿದ್ದ.

ಬೀದಿಯ ತುದಿಯಿಂದ ಸೀಟಿ ಕೇಳಿಸಿತು.

ಗುಂಪು ತಾನಾಗಿಯೇ ಎರಡು ಸಾಲಾಯಿತು. ನಡುವೆ ಅತ್ತೆ, ಕೈಯಲ್ಲಿ ದೊಡ್ಡ ಚೀಲ, ಹಿಂದೆ ಏದುಸಿರು ಬಿಡುತ್ತ ಟೈಲರು. ಮೇಲೆ ಒಮ್ಮೆ ನೋಡಿ, ಮೆಟ್ಟಿಲೇರಿ, ಆ ಅಭೇದ್ಯ ಬಾಗಿಲನ್ನು ಸಲೀಸಾಗಿ ತೆಗೆದು ಒಳಗೆ ಬಂದರು. ಬೀಗದಣ್ಣ ಬಕೆಟ್ಟನ್ನು ಹಣೆಯ ಮೇಲಕ್ಕೆ ಸರಿಸಿ ಗಾಜಿನಿಂದಲೇ ಕೂಗಿದ.

"ಅತ್ತೇ! ನೀವು ಯಾವಾಗ ಬಂದ್ರಿ?"

"ಬೆಳಗ್ಗೆ ಮೊದಲನೇ ಬಸ್ಸಿಗೆ. ಮಗಳ ಅಂಗಡೀಲಿ ಕೂತು ಕಾಯ್ತಿದ್ದೆ. ನೀವು ಮೇಜು ಗುದ್ದಿದ ದಿನವೇ ಮಗಳು ಫೋನ್ ಮಾಡಿದ್ಲು."

"ಆ ಬೀಗದ ಕೈ? ಅದನ್ನ ನಕಲು ಮಾಡೋಕೆ ಆಗಲ್ಲವಲ್ಲ!"

"ಹೌದಾ? ಬಸ್ ಸ್ಟ್ಯಾಂಡ್ ಹತ್ರ ಛತ್ರಿ ರಿಪೇರಿಯೋನೊಬ್ಬ ಇದಾನೆ, ಹೋದ ಸಲ ಬಂದಾಗ ಮಗಳ ಬೀಗದ ಕೈ ನೋಡಿ ಐದು ನಿಮಿಷದಲ್ಲಿ ಮಾಡಿಕೊಟ್ಟ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ."

ಬೀಗದಣ್ಣ ಚಿಲಕದ ಕಡೆ ಕೈ ತೋರಿಸಿದ. ಅತ್ತೆ ಚಿಲಕ ನೋಡಿದರು, ಮಗುವನ್ನು ನೋಡಿದರು, ಗಡಿಯಾರ ನೋಡಿದರು. ಅಡುಗೆಮನೆಗೆ ಹೋಗಿ ಮಗುವಿನ ಬಟ್ಟಲು ತಂದು ಪಕ್ಕದಲ್ಲಿ ಕೂತರು. ದೊರೆ ಗಾಜಿನಿಂದ ಕಣ್ಣು ಕೀಳದೆ ಬಾಯಿ ತೆರೆದ.

"ಅಳಿಯಂದಿರೇ, ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಇರಿ" ಎಂದರು. "ಇಷ್ಟು ಚೆನ್ನಾಗಿ ಊಟ ಮಾಡೋದನ್ನ ನಾನು ನೋಡೇ ಇಲ್ಲ. ಬಕೆಟ್ಟು ಹಾಕ್ಕೊಳ್ಳಿ."

ಬೀಗದಣ್ಣ ಬಕೆಟ್ಟು ಹಾಕಿಕೊಂಡ.

ಹೆಂಡತಿ ಮಧ್ಯಾಹ್ನ ಬರುವಷ್ಟರಲ್ಲಿ ಅವನನ್ನು ಒಳಗೆ ಬಿಟ್ಟಿದ್ದರು. ದೊರೆ ಹೊಟ್ಟೆ ತುಂಬಿ ಹಲಗೆಯ ಮುಂದೆ ಕೂತಿದ್ದ.

"ಹೇಗಿತ್ತಮ್ಮ? ಮಗು ತನ್ನಷ್ಟಕ್ಕೆ ತಾನೇ ಆಡ್ತಾ?"

"ಅವನಿಗೇನು, ಆಡ್ದ. ನಿಮ್ಮೆಜಮಾನ್ರನ್ನೂ ಆಡಿಸ್ದ."

ಬೀಗದಣ್ಣ ಆಗಲೇ ಚಾಕುವಿನ ಡ್ರಾಯರಿಗೆ ಬೀಗ ಜಡಿದು ಮುಗಿಸಿದ್ದ. ಕೇಳಬೇಕಾದ್ದನ್ನು ತಲೆ ತಗ್ಗಿಸಿಯೇ ಕೇಳಿದ. "ಅತ್ತೆ, ಈ ಸಲ ಮೂರು ತಿಂಗಳು ಇರ್ತೀರಾ?"

"ಮೂರು ತಿಂಗಳು ಯಾಕೆ? ಚಿಲಕ ತೆಗೆಯೋದನ್ನ ನೀವು ಅವನಿಗೆ ಕಲಿಸೋವರೆಗೆ ಇದ್ದು ಹೊರಡ್ತೀನಿ."

ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು. ಅಷ್ಟೇ ತಾನೇ! ಮಂಡಿಯೂರಿ ಹಲಗೆಯ ಮುಂದೆ ಕೂತ. ಚಿಲಕವನ್ನು ನಿಧಾನವಾಗಿ ಮೇಲೆತ್ತಿ, ಬೀದಿಗೆಲ್ಲ ಕೇಳಿಸುವಂತೆ ಚಪ್ಪಾಳೆ ತಟ್ಟಿದ. "ನೋಡು ದೊರೆ, ಮೇಲೆ! ಇದು ವಿದ್ಯೆ! ಈಗ ನೀನು ಮಾಡು!"

ದೊರೆ ಅಪ್ಪನನ್ನು ನೋಡಿದ. ಚಿಲಕ ನೋಡಿದ. ಪುಟ್ಟ ಕೈ ಚಾಚಿದ.

ಟಕ್!

ಅತ್ತೆ ಚೀಲ ಬಿಚ್ಚಿ, ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಲು ಎದ್ದರು.